ಬಿಸಿಲಿಗಾಗಿ ಒಂದು ತಕರಾರು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟದ್ದು 1989ರಲ್ಲಿ. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಸರೋಜಕ್ಕ ನನ್ನ ಶ್ಯಾವಿಗೆ ಯಂತ್ರದ ಮುಂದೆ ಬಂದು ನಿಂತಾಗ, ಅವರ ಕೈಯಲ್ಲಿ, ಅಷ್ಟೇ ಓದಿದ ನಾನೇ ಬರೆದು ಹುಬ್ಬಳ್ಳಿಯ ಪಾಲಿಕೆಗೆ ಕೊಟ್ಟಿದ್ದ ತಕರಾರು ಅರ್ಜಿಯ ಪ್ರತಿ ಇತ್ತು.

ಮಗನ ಲಗ್ನಕ್ಕೆ ಮೊದಲೇ ತಮ್ಮ ಮನೆಯ ಮೇಲೊಂದು ಕೋಣೆ ಕಟ್ಟಿಸಲು ಅವರು ಪರವಾನಗಿ ಕೇಳಿದ್ದರು. ಅದು ಎದ್ದರೆ ಮಧ್ಯಾಹ್ನದವರೆಗೂ ನನ್ನ ಮಾಳಿಗೆಗೆ ಬಿಸಿಲಿಲ್ಲ. ಬಿಸಿಲಿಲ್ಲದಿದ್ದರೆ ಶ್ಯಾವಿಗೆ ಒಣಗುವುದಿಲ್ಲ, ನನ್ನ ದುಡಿಮೆಯೇ ನಿಲ್ಲುತ್ತದೆ. ಯಾರ ಮುಂದೆಯೂ ಕೈಚಾಚಿ ಗೊತ್ತಿಲ್ಲದವನು ನಾನು. ಅದಕ್ಕೇ ಅವರನ್ನು ಕೇಳದೆ ನೇರವಾಗಿ ಅರ್ಜಿ ಹಾಕಿದ್ದೆ.

“ಏನ್ರಿ ಬಸಣ್ಣಾ, ನಿಮ್ಮ ಬಿಸಲು ಕಸಗೊಂಡು ನಾ ಏನ್ ಉಪ್ಪಿನಕಾಯಿ ಹಾಕ್ಲೇನು?” ಎಂದರು.

ನಾನೂ ಬಿಡಲಿಲ್ಲ. “ನನ್ನ ಹೊಟ್ಟಿ ಮ್ಯಾಲೆ ಹೊಡದಂಗ ಆಗತೈತ್ರಿ ಅಕ್ಕಾ. ಅರ್ಜಿ ಹಿಂದ ತಗೊಳ್ಳಾಂಗಿಲ್ಲ” ಎಂದೆ.

ಅವರು ನನ್ನ ಮಾಳಿಗೆ ಹತ್ತಿದರು, ನಾನೂ ಹಿಂದೆಯೇ ಹೋದೆ. ಕೋಲುಗಳ ಮೇಲೆ ಇಳಿಬಿಟ್ಟ ಶ್ಯಾವಿಗೆಯ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಹೇಳಿದ ಮಾತನ್ನು ನಾನು ನೆನೆಸಿಯೂ ಇರಲಿಲ್ಲ.

“ಹೊಸಾ ಖೋಲಿ ಮ್ಯಾಲಿನ ಮಾಳಗಿ ಖಾಲಿನ ಇರತೈತಿ. ನಿಮ್ಮ ಕಡಿಂದ ಕಬ್ಬಿಣದ ಮೆಟ್ಟಲಾ ಕೂಡಸ್ತೇನಿ, ಕೋಲು ಅಲ್ಲೇ ಹಾಕ್ರಿ. ಬಾಡಗಿ ಅಂದ್ರ, ಲಗ್ನದ ಶ್ಯಾವಿಗಿ ನೀವ ಮಾಡಿಕೊಡ್ರಿ.”

ಅವರು ಪಾಲಿಕೆಗೆ ಕೊಟ್ಟ ನಕ್ಷೆಯಲ್ಲಿ ಆ ಮೆಟ್ಟಿಲು ಬಂದ ಮೇಲೆ ನಾನು ಅರ್ಜಿ ಹಿಂತೆಗೆದುಕೊಂಡೆ. ಈ ಬೇಸಿಗೆಯಲ್ಲಿ ಅವರ ಮಾಳಿಗೆಯ ಮೇಲೆ ಮೊದಲು ಒಣಗಿದ್ದು ಅವರದೇ ಮದುವೆಮನೆಯ ಶ್ಯಾವಿಗೆ. ಈಗ ಹುಬ್ಬಳ್ಳಿಯಲ್ಲಿ ನನಗೆ ಅದೇ ಸ್ವಂತ ಮನೆ, ಅದೇ ಯಂತ್ರ, ಆದರೆ ಒಣಹಾಕಲು ಎರಡು ಮಾಳಿಗೆ.