ಎಡಕ್ಕೆ ಸಣ್ಣ ಬಿಲ್ಲೆ, ಬಲಕ್ಕೆ ದೊಡ್ಡದು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬೆಲ್ಲಿ ಡ್ಯಾನ್ಸ್ ಟೀಚರ್ ತರಗತಿಗೆ ಬೆನ್ನು ಮಾಡಿ ನಿಂತು, ಸೊಂಟಪಟ್ಟಿಗಳ ಸದ್ದು ಕೇಳುತ್ತಿದ್ದರು. ಐವತ್ತೊಂಬತ್ತು ವರ್ಷದ ಅವರಿಗೆ ಈಗ ಬೆಳಕು ನೆರಳು ಮಾತ್ರ ಕಾಣುತ್ತಿತ್ತು. ಕಣ್ಣು ಕಾಣದವರು ಕುಣಿತ ಹೇಗೆ ಕಲಿಸುತ್ತಾರೆ ಎಂಬುದು ಸಭಾಂಗಣದ ಮ್ಯಾನೇಜರರ ಪ್ರಶ್ನೆ. ಉತ್ತರ ಸಿಗದಿದ್ದರೆ ಮುಂದಿನ ತಿಂಗಳಿಂದ ಆ ಹೊತ್ತನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿ, ಅಂದು ಅವರೇ ನೋಡಲು ಬಂದಿದ್ದರು.

ಆ ತರಗತಿಗೆ ಒಂದು ನಿಯಮವಿತ್ತು. ಸೊಂಟಪಟ್ಟಿಗೆ ತಗಡಿನ ಬಿಲ್ಲೆಗಳನ್ನು ಹೊಲಿಯುವಾಗ ಎಡಕ್ಕೆ ಸಣ್ಣವು, ಬಲಕ್ಕೆ ದೊಡ್ಡವು. ಎಡಸೊಂಟ ಕಿಣಿಕಿಣಿ ಎಂದರೆ ಬಲಸೊಂಟ ಝಣಝಣ ಎನ್ನುತ್ತಿತ್ತು.

"ಕಣ್ಣಿಗಿಂತ ಕಿವಿ ವಾಸಿ ಸಾರ್," ಎಂದರು ಟೀಚರ್. "ಕಣ್ಣು ಮುಖದ ನಗು ನೋಡಿ ಮೋಸ ಹೋಗುತ್ತೆ."

"ಹಾಗಾದ್ರೆ ಹೇಳಿ ಮೇಡಂ, ಈಗ ಎಷ್ಟು ಜನ ಕುಣೀತಿದ್ದಾರೆ?" ಮ್ಯಾನೇಜರ್ ಬೆರಳು ಮಡಿಸಿ ಎರಡು ಸಲ ಎಣಿಸಿಯಾಗಿತ್ತು: ಹದಿನೆಂಟು.

ಟೀಚರ್ ತಲೆ ವಾಲಿಸಿ ಕೇಳಿಸಿಕೊಂಡರು. "ಹಿಂದಿನ ಸಾಲಲ್ಲಿ ಒಬ್ಬರ ಎಡಗಡೆ ಸದ್ದೇ ಇಲ್ಲ. ಔಷಧಿ ಅಂಗಡಿ ಅಕ್ಕಾ, ಮಂಡಿ ಮತ್ತೆ ಹಿಡ್ಕೊಂಡಿದೆಯಾ?"

"ಅಯ್ಯೋ, ಇದೆಂಥಾ ಕಿವಿನಪ್ಪಾ!" ಸಿಕ್ಕಿಬಿದ್ದ ಅಕ್ಕ ನಕ್ಕರು. "ನಿನ್ನೆಯಿಂದ ಎಡಗಾಲು ಮಡಚೋಕೇ ಆಗ್ತಿಲ್ಲ. ಬಲಗಡೆ ಮಾತ್ರ ಕುಣಿಸ್ತಿದ್ದೆ."

ಮ್ಯಾನೇಜರ್ ಬಗ್ಗಿ ನೋಡಿದರು. ಅಷ್ಟು ಹೊತ್ತು ಎದುರಿಗೇ ನಿಂತಿದ್ದರೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಲೆಕ್ಕ ಮಾತ್ರ ಹೇಳಲಿಲ್ಲ ನೀವು," ಎಂದರು ಅವರು, ಮುಂದಿನ ತಿಂಗಳ ವೇಳಾಪಟ್ಟಿಯಲ್ಲಿ ಆ ಹೊತ್ತಿನ ಎದುರು ಟೀಚರ್ ಹೆಸರನ್ನೇ ಬರೆಯುತ್ತಾ.

ಟೀಚರ್ ತಿರುಗದೆಯೇ ಹೇಳಿದರು: "ಹದಿನೇಳೂವರೆ."