ಎರ್ಟಿಯ ನೀಲಿ ಗುರಾಣಿ

ಎರ್ಟಿ ಮೂಅಟ್ ತನ್ನ ಆಯುಷ್ಯದ ಬಹುಪಾಲನ್ನು ಹೆಸ್ಟಾ ದ್ವೀಪಕ್ಕೂ ಸ್ಕಾರ್ವೋ ಊರಿಗೂ ನಡುವೆ ಓಡಾಡುವ ಪುಟ್ಟ ಫೆರಿಯ ಮೇಲೆ ಕಳೆದವನು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ನಮ್ಮ ಶೆಟ್ಲೆಂಡಿನ ಗಾಳಿಯಲ್ಲಿ ಬಾಯಿ ತೆರೆದರೆ ಮಾತಿಗಿಂತ ಮೊದಲು ಉಪ್ಪುನೀರು ಒಳಗೆ ಹೋಗುತ್ತದೆ; ಅವನ ಮಿತಭಾಷೆಗೆ ಅದೇ ಕಾರಣ ಎಂದು ಜನ ನಗುತ್ತಿದ್ದರು. ಕುರಿ, ಟ್ರ್ಯಾಕ್ಟರು, ಮದುವೆಯ ಹೆಣ್ಣು, ಶವಪೆಟ್ಟಿಗೆ, ಎಲ್ಲವನ್ನೂ ಅವನು ಒಂದೇ ಮುಖಭಾವದಲ್ಲಿ ದಾಟಿಸಿದ್ದ.

ಅವನು ದಾಟಿಸಿದವರಲ್ಲಿ ಹೆಚ್ಚಿನವರು ಹಬ್ಬಕ್ಕೆ ಹೋಗುವವರು. ಚಳಿಗಾಲದ ನಟ್ಟನಡುವೆ ಸ್ಕಾರ್ವೋದಲ್ಲಿ 'ಅಪ್ ಹೆಲಿ ಆ' ಎಂಬ ಬೆಂಕಿಯ ಹಬ್ಬ ಬರುತ್ತದೆ. ಆ ವರ್ಷದ ಮುಖಂಡನಿಗೆ ಯಾರ್ಲ್ ಎಂದು ಹೆಸರು. ಯಾರ್ಲ್ ತನ್ನ ದಂಡು ಕಟ್ಟಿಕೊಂಡು, ಎಲ್ಲರೂ ಹಿಂದಿನ ಕಾಲದ ಕಡಲಯೋಧರಾದ ವೈಕಿಂಗರ ವೇಷ ತೊಟ್ಟು, ಡ್ರ್ಯಾಗನ್ ತಲೆಯ ಹಬ್ಬದ ದೋಣಿಯನ್ನು ಊರೆಲ್ಲ ಎಳೆದು, ಕತ್ತಲಾದ ಮೇಲೆ ಪಂಜು ಎಸೆದು ಕಡಲ ದಂಡೆಯಲ್ಲಿ ಸುಡುತ್ತಾರೆ. ಆ ದಿನ ಫೆರಿಗೆ ಬಿಡುವೇ ಇಲ್ಲ. ಹೀಗಾಗಿ ಹಬ್ಬದ ಬೆಂಕಿಯನ್ನು ಎರ್ಟಿ ಯಾವತ್ತೂ ನೀರಿನ ನಡುವಿನಿಂದಲೇ ಕಂಡವನು. ಅಲ್ಲಿಂದ ಅದು ಬೆಂಕಿಕಡ್ಡಿ ಗೀರಿದಷ್ಟೇ ಕಾಣುತ್ತಿತ್ತು. ಆ ಸಾಲಿನಲ್ಲಿ ಒಮ್ಮೆಯಾದರೂ ಎಲ್ಲರ ಹಾಗೆ, ಎಲ್ಲರ ಜೊತೆ ನಡೆಯಬೇಕು ಎಂಬುದೊಂದೇ ಅವನ ಆಸೆ. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಅವನು ನಿವೃತ್ತನಾದ ವಸಂತದಲ್ಲೇ ಆಸ್ಲಾ ಹಾಲ್ಕ್ರೋ ಯಾರ್ಲ್ ಆಗಿ ಆಯ್ಕೆಯಾದಳು. ಸಾಲ್ಮನ್ ಮೀನು ಸಾಕುವ ಕಡೆ ಕೆಲಸ ಮಾಡುವ ಗಟ್ಟಿಗಿತ್ತಿ. ಶಾಲೆಗೆ ಹೋಗುವಾಗ ದಿನಾ ಎರ್ಟಿಯ ಫೆರಿಯಲ್ಲಿ ದಾಟಿದವಳು. ಒಂದು ಮಧ್ಯಾಹ್ನ ನೇರವಾಗಿ ಅವನ ಅಡುಗೆಮನೆಗೆ ಬಂದು ಕುಳಿತಳು.

"ಎರ್ಟಿ, ಈ ಸಲ ನನ್ನ ದಂಡಲ್ಲಿ ನಡೀತೀರಾ?"

ಎರ್ಟಿ ಒಲೆಯ ಮೇಲಿನ ಕೆಟಲ್ ಕಡೆ ನೋಡಿದ. "ಮಂಡಿ ನೋವು ಕಣಮ್ಮ. ನಿಮ್ ಸಮಕ್ಕೆ ನಡೆಯೋಕಾಗುತ್ತಾ?"

"ಮೆಲ್ಲಗೇ ನಡೆಯೋಣ. ನಾವು ಹೋಗೋ ತನಕ ದೋಣಿ ತಾನಾಗೇ ಸುಟ್ಕೊಳ್ಳಲ್ಲ."

ಅವಳು ಹೋದ ಮೇಲೆ ಎರ್ಟಿ ಹೊರಗೆ ಹೋಗಿ, ಕುರಿಗಳಿಗೆ ಮೇವು ಹಾಕುವ ನೆಪದಲ್ಲಿ ಬಹಳ ಹೊತ್ತು ಒಬ್ಬನೇ ನಿಂತಿದ್ದ. ಕುರಿಗಳಿಗೆ ಆಗಲೇ ಮೇವು ಹಾಕಿಯಾಗಿತ್ತು.

ದಂಡಿನ ಕಟ್ಟುಪಾಡು ಎರಡೇ. ತನ್ನ ಗುರಾಣಿಯನ್ನು ತಾನೇ ಮಾಡಿಕೊಳ್ಳಬೇಕು. ಹಬ್ಬದ ಬೆಳಗಿನವರೆಗೆ ವೇಷದ ಬಣ್ಣ, ಚಿತ್ರ, ಏನೊಂದೂ ಹೊರಗಿನವರಿಗೆ ತಿಳಿಯಬಾರದು. ಕಾಗದದಲ್ಲಿ ಬರೆಯುವಂತಿಲ್ಲ, ಫೋನಿನಲ್ಲಿ ಹೇಳುವಂತಿಲ್ಲ. ಆಸ್ಲಾ ಗುರಾಣಿಯ ಚಿತ್ರವನ್ನು ಎಲ್ಲರಿಗೂ ಒಮ್ಮೆ ತೋರಿಸಿ ಅಲ್ಲೇ ಒಲೆಗೆ ಹಾಕಿದಳು: ನೀಲಿ ಬಣ್ಣದ ಮೇಲೆ ರೆಕ್ಕೆ ಬಿಚ್ಚಿದ ಬಿಳಿ ಕಾಗೆ. ಉಳಿದವರು ಸಂಜೆ ಹೊತ್ತು ಸ್ಕಾರ್ವೋದ ದೋಣಿಮನೆಯಲ್ಲಿ ಸೇರಿ ಕೆಲಸ ಮಾಡುತ್ತಿದ್ದರು. ಹಬ್ಬದ ದಿನ ಬಿಟ್ಟರೆ ಹೆಸ್ಟಾಕ್ಕೆ ಸಂಜೆ ಹಿಂದಿರುಗುವ ಫೆರಿ ಇಲ್ಲ. ಹಾಗಾಗಿ ಎರ್ಟಿಯ ಕಾರ್ಖಾನೆ ಅವನ ಅಡುಗೆಮನೆಯಲ್ಲೇ ಶುರುವಾಯಿತು.

ಆ ಅಡುಗೆಮನೆ ಅವನ ಅಕ್ಕ ಜೆಸೀನಾಳದ್ದು. ಇಬ್ಬರೂ ಮದುವೆಯಾಗದೆ ಒಂದೇ ಸೂರಿನಡಿ ಮುದುಕರಾದವರು. ಅಕ್ಕ ದಂಡಿನವಳಲ್ಲ, ಅಂದಮೇಲೆ ಅವಳು ನೋಡುವಂತಿಲ್ಲ. ಎರ್ಟಿ ಹಲಗೆ ಹೊರತೆಗೆದ ಕೂಡಲೇ ಅವಳು ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಹೆಣಿಗೆ ಹಿಡಿಯುತ್ತಿದ್ದಳು.

ಮರವೇ ಬೆಳೆಯದ ದ್ವೀಪದಲ್ಲಿ ಹಲಗೆ ಎಲ್ಲಿಂದ ಬರಬೇಕು? ಎರ್ಟಿ ಕೊಟ್ಟಿಗೆಯ ಹಳೆ ಬಾಗಿಲನ್ನೇ ಕಳಚಿದ. ಹಲಗೆಗಳ ಅಂಚಿಗೆ ತೋಪಡ ಹೊಡೆದು ನಯಮಾಡಿ, ಅಂಟು ಹಚ್ಚಿ, ಹಗ್ಗ ಬಿಗಿದು, ಬೆಣೆ ಬಡಿದು ಒಲೆಯ ಪಕ್ಕ ಒಣಗಲು ಇಟ್ಟ. ನಡುವೆ ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲಿನಿಂದ ದುಂಡಗೆ ಗೆರೆ ಎಳೆದು ಕೊಯ್ದ.

"ಅಂಚು ತೆಳು ಮಾಡೋ, ಇಲ್ದಿದ್ರೆ ಭಾರಕ್ಕೆ ಭುಜ ಬಿದ್ದೋಗುತ್ತೆ," ಎಂದಳು ಜೆಸೀನಾ ಗೋಡೆಗೆ.

"ನೀನು ನೋಡ್ತಿಲ್ಲ ಅಲ್ವಾ?"

"ನಾನ್ಯಾಕೆ ನೋಡ್ಲಿ? ಕೊಯ್ಯೋ ಸದ್ದು ಕೇಳಿದ್ರೆ ಗೊತ್ತಾಗಲ್ವಾ, ಹಲಗೆ ಎಷ್ಟು ದಪ್ಪ ಅಂತ!"

ಹಿಡಿ ಹಿಡಿಯಲೆಂದು ನಡುವೆ ಕೊರೆದ ತೂತನ್ನು ಮುಚ್ಚಲು ಉಬ್ಬಿದ ಬಟ್ಟಲಿನಂಥ ಕಬ್ಬಿಣದ ಗುಬಟು ಬೇಕಿತ್ತು. ಒಂದು ದಿನ ಜೆಸೀನಾಳ ಹಿಟ್ಟು ಕಲಸುವ ಸ್ಟೀಲ್ ಬೋಗುಣಿ ಕಾಣೆಯಾಯಿತು. ಅವಳು ಮನೆಯೆಲ್ಲ ಹುಡುಕಿದ ಹಾಗೆ ನಟಿಸಿ, ಸಿಗದೇ ಹೋಯಿತೆಂದು ಬೈದುಕೊಂಡು, ಮಡಕೆಯಲ್ಲಿ ಹಿಟ್ಟು ಕಲಸಿದಳು. ಕುರಿಯ ಹಸಿ ಚರ್ಮವನ್ನು ನೆನೆಸಿ ಅಂಚಿಗೆ ಸುತ್ತಿ ಹೊಲಿಯುವಾಗ ಮಾತ್ರ ಎರ್ಟಿಯ ಬೆರಳು ಸೋತವು. ಜೆಸೀನಾ ಕಣ್ಣು ಮುಚ್ಚಿಕೊಂಡು ಬಂದು ಕುಳಿತು, ಕಣ್ಣು ಮುಚ್ಚಿಕೊಂಡೇ ಅಷ್ಟನ್ನೂ ಹೊಲಿದುಕೊಟ್ಟಳು. ಅವಳು ಕಣ್ಣು ತೆರೆದಿದ್ದಳೋ ಇಲ್ಲವೋ ಎಂದು ಎರ್ಟಿ ನೋಡಲಿಲ್ಲ. ಒಣಗಿದಾಗ ಚರ್ಮ ಬಿಗಿದು ಮರವನ್ನು ಕಚ್ಚಿ ಹಿಡಿಯಿತು. ಕೊನೆಗೆ ನೀಲಿ ಬಳಿದು ಬಿಳಿ ಕಾಗೆ ಬರೆದ. ತನ್ನ ಕೈಯಿಂದ ಇಂಥದ್ದೊಂದು ಆದೀತು ಎಂದು ಅವನೇ ಎಣಿಸಿರಲಿಲ್ಲ.

ಆ ದಿನಗಳಲ್ಲಿ ದಂಡಿನ ಮ್ಯಾಗ್ನಿ ಆಗಾಗ ಹೆಸ್ಟಾಕ್ಕೆ ಬರುತ್ತಿದ್ದ. ಬಂದು ಚಹಾ ಕುಡಿದು, ರೊಟ್ಟಿ ತಿಂದು, ಜೆಸೀನಾಳ ಮುಖ ನೋಡಿ, ಸೂರು ನೋಡಿ, ಗಾಳಿ ಜೋರಾಗಿದೆ ಎಂದು ಹೇಳಿ ಎದ್ದು ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿಯ ಜೊತೆ ಜಗಳವಾಗಿರಬೇಕು ಪಾಪ ಎಂದು ಎರ್ಟಿ ಅವನಿಗೆ ಇನ್ನೊಂದು ರೊಟ್ಟಿ ಕೊಡುತ್ತಿದ್ದ.

ಹಬ್ಬದ ಬೆಳಿಗ್ಗೆ ಎರ್ಟಿ ಗುರಾಣಿಯನ್ನು ಉಣ್ಣೆ ಕಂಬಳಿಯಲ್ಲಿ ಸುತ್ತಿ, ಮೊದಲ ಫೆರಿಯಲ್ಲಿ ಪ್ರಯಾಣಿಕನಾಗಿ ದಾಟಿದ. ಊರ ಹಾಲ್‌ನ ಹಿಂದಿನ ಕೋಣೆಯಲ್ಲಿ ದಂಡಿನವರೆಲ್ಲ ಶಿರಸ್ತ್ರಾಣ ಹಾಕಿಕೊಂಡು ಗಲಗಲ ಮಾತಾಡುತ್ತಿದ್ದರು. ಅವನು ಕಂಬಳಿ ಬಿಚ್ಚಿದ್ದೇ ತಡ, ಎಲ್ಲರೂ ಅವನ ಗುರಾಣಿಯತ್ತ ತಿರುಗಿದರು. ಎರ್ಟಿ ತಲೆಯೆತ್ತಿ ನೋಡಿದ. ಗೋಡೆಗೆ ಸಾಲಾಗಿ ಒರಗಿಸಿದ್ದ ಗುರಾಣಿಗಳೆಲ್ಲ ಕೆಂಪು.

ಎಲ್ಲರ ಕಣ್ಣೂ ಎರ್ಟಿಗೆ ಸುದ್ದಿ ಮುಟ್ಟಿಸುವ ಹೊಣೆ ಹೊತ್ತಿದ್ದ ಮ್ಯಾಗ್ನಿಯ ಮೇಲೆ ಬಿತ್ತು.

"ಪಕ್ಕದೂರಿನ ದಂಡೂ ನೀಲಿ ಅಂತ ಗೊತ್ತಾಯ್ತು, ಅದಕ್ಕೇ ಬದಲಾಯ್ಸಿದ್ವಿ," ಎಂದ ಮ್ಯಾಗ್ನಿ, ಅಳುವ ದನಿಯಲ್ಲಿ. "ಹೇಳೋಕೆ ಎಷ್ಟು ಸಲ ಬಂದೆ! ಬಂದಾಗೆಲ್ಲ ಜೆಸೀನಾ ಅಲ್ಲೇ ಕೂತಿರೋಳು. ಹೊರಗಿನೋರ ಎದುರಿಗೆ ಹೆಂಗೆ ಬಾಯ್ಬಿಡ್ಲಿ? ಆಮೇಲೆ ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ ಕಣೋ."

"ಅವಳ ಎದುರಿಗಾ?" ಎರ್ಟಿ ಗುರಾಣಿಯ ನಡುವಿನ ಗುಬಟು ತೋರಿಸಿದ. "ಇದು ಅವಳ್ದೇ ಬೋಗುಣಿ ಕಣೋ!"

ಒಂದಿಬ್ಬರು ನಕ್ಕರು, ನಗು ಅಲ್ಲೇ ಸತ್ತಿತು. ನೀಲಿಯ ಮೇಲೆ ಕೆಂಪು ಬಳಿಯೋಣವೆಂದರೆ ಈ ಥಂಡಿಯಲ್ಲಿ ಅದು ಸಂಜೆಯೊಳಗೆ ಒಣಗುವ ಮಾತಿಲ್ಲ. ಒದ್ದೆ ಬಣ್ಣ ಮೈಗೆಲ್ಲ ಮೆತ್ತುತ್ತದೆ. ಕೆಂಪು ಸಾಲಿನಲ್ಲಿ ಒಂದು ನೀಲಿ ನಡೆದರೆ ಊರೆಲ್ಲ ಬೆರಳು ಮಾಡಿ ತೋರಿಸುತ್ತದೆ. ಎಲ್ಲರ ಹಾಗೆ ನಡೆಯಲು ಬಂದವನು ಎಲ್ಲರಿಗಿಂತ ಬೇರೆಯಾಗಿ ಎದ್ದು ಕಾಣುವುದು! ಅದಕ್ಕಿಂತ ಹೋಗದೇ ಇರುವುದು ಮೇಲು ಅನ್ನಿಸಿತು ಎರ್ಟಿಗೆ. ಅವನು ಕಂಬಳಿಯನ್ನು ಮತ್ತೆ ಸುತ್ತತೊಡಗಿದ.

"ನಾನು ಸೂಪು ಬಡಿಸೋ ಕಡೆ ಇರ್ತೀನಿ. ನಿಮ್ಮ ಸಾಲು ಕೆಡೋದು ಬೇಡ. ಯಾರದ್ದೂ ತಪ್ಪಲ್ಲ ಬಿಡಿ," ಎಂದ. ದನಿ ಸಹಜವಾಗಿ ಬರಲಿ ಎಂದು ಬಹಳ ಪ್ರಯತ್ನಪಟ್ಟ.

ಆಸ್ಲಾ ಬಂದು ಅವನ ಕೈಯಿಂದ ಕಂಬಳಿ ಎಳೆದುಕೊಂಡಳು. ನೀಲಿ ಗುರಾಣಿಯನ್ನು ತನ್ನ ಎಡಗೈಗೆ ಏರಿಸಿ, ಹಿಡಿ ಬಿಗಿಯಿದೆಯೇ ಎಂದು ಎತ್ತಿ ಇಳಿಸಿ ನೋಡಿದಳು. ಆಮೇಲೆ ತನ್ನ ಕೆಂಪು ಗುರಾಣಿಯನ್ನು ಎತ್ತಿ ಎರ್ಟಿಯ ಮುಂದೆ ಹಿಡಿದಳು.

"ಯಾರ್ಲ್‌ದು ಬೇರೆ ಬಣ್ಣ ಇರ್ಬೇಕಿತ್ತು. ಮುಂದೆ ನಡೆಯೋಳು ಯಾರು ಅಂತ ಜನಕ್ಕೆ ತಿಳಿಯೋದು ಬೇಡ್ವಾ? ನನ್ನ ಬುದ್ಧಿಗೆ ಹೊಳೀಲೇ ಇಲ್ಲ ನೋಡಿ."

"ಆಸ್ಲಾ, ಅದು ನೀನು ಮಾಡ್ಕೊಂಡಿದ್ದಲ್ವೇನಮ್ಮ..."

"ಇದನ್ನ ಹಿಡ್ಕೊಳ್ತೀರೋ, ಇಲ್ಲಾ ನನ್ನ ಕೈ ಸೋಲಲಿ ಅಂತ ಕಾಯ್ತಿದೀರೋ?"

ಎರ್ಟಿ ಹಿಡಿದುಕೊಂಡ. ಮ್ಯಾಗ್ನಿ ಓಡಿಬಂದು ಅವನ ಶಿರಸ್ತ್ರಾಣದ ಪಟ್ಟಿ ಕಟ್ಟಿಕೊಡುತ್ತಾ, ಕ್ಷಮಿಸೋ ಕ್ಷಮಿಸೋ ಎಂದು ಗೊಣಗುತ್ತಲೇ ಇದ್ದ.

ಕತ್ತಲಾದ ಮೇಲೆ ಪಂಜುಗಳು ಹೊತ್ತಿಕೊಂಡವು. ಸಾಲಿನ ಮುಂದೆ ನೀಲಿ ಗುರಾಣಿ ಹಿಡಿದ ಆಸ್ಲಾ. ಅವಳ ಹಿಂದೆ ಕೆಂಪು ಸಾಲು. ಆಸ್ಲಾ ಬೇಕೆಂದೇ ನಿಧಾನ ನಡೆಯುತ್ತಿದ್ದಳು, ಹಾಗಾಗಿ ಎರ್ಟಿಯ ಮಂಡಿ ಅವನ ಮಾತು ಕೇಳಿತು. ಸೂಪು ಬಡಿಸಲು ಬಂದು, ಹಾಲ್‌ನ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡು ನಿಂತಿದ್ದ ಜೆಸೀನಾ ಪಕ್ಕದವಳನ್ನು ಕೇಳುತ್ತಿದ್ದುದು ಅವನ ಕಿವಿಗೆ ಬಿತ್ತು: "ನಮ್ ಎರ್ಟಿ ಎಲ್ಲಿ? ಎಲ್ಲ ಒಂದೇ ಥರ ಕಾಣ್ತಾರಲ್ಲೇ, ಯಾರ್ನ ಅಂತ ಹುಡುಕ್ಲಿ!"

ಅವನು ಅವಳ ಎದುರಿಗೇ ಹಾದುಹೋದ. ಅಕ್ಕನಿಗೆ ತಿಳಿಯಲಿಲ್ಲ. ಇಡೀ ಬದುಕಿನಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ. ದಂಡೆಯಲ್ಲಿ ಪಂಜು ಎಸೆದು ನಿಂತಾಗ ದೋಣಿಯ ಬೆಂಕಿಯ ಬಿಸಿ ಮುಖಕ್ಕೆ ಹೊಡೆಯಿತು. ಅದು ಬಿಸಿಯೆಂಬುದೇ ಅವನಿಗೆ ಹೊಸದು.

ಹಾಲ್‌ಗೆ ಮರಳಿ, ಮಾಂಸದ ಸೂಪು ಕುಡಿದಾದ ಮೇಲೆ ಎರ್ಟಿ ಕೆಂಪು ಗುರಾಣಿ ಹಿಡಿದು ಆಸ್ಲಾಳ ಮುಂದೆ ನಿಂತ. ಹೇಳಬೇಕೆಂದು ದಾರಿಯುದ್ದ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು.

"ತುಂಬಾ ಉಪಕಾರ ಆಯ್ತಮ್ಮ. ತಗೋ ನಿಂದು."

"ಅದು ನಿಮ್ದು. ಇದನ್ನ ಕೇಳೋಕೆ ಬಂದ್ರೆ ಮಾತ್ರ ನಾನು ಕೊಡಲ್ಲ," ಎಂದು ಅವಳು ನೀಲಿ ಗುರಾಣಿಯನ್ನು ಕುರ್ಚಿಯ ಹಿಂದಕ್ಕೆ ಸರಿಸಿದಳು.

ದಂಡಿನವರು ಇವತ್ತಿಗೂ ಈ ಸಂಗತಿಯನ್ನು ಹೊರಗೆ ಬಿಟ್ಟಿಲ್ಲ. ನೀಲಿ ಗುರಾಣಿ ಆಸ್ಲಾಳ ಮನೆಯಲ್ಲಿದೆ. ಎರ್ಟಿಯ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಗೋಡೆಯಲ್ಲಿ ಕೆಂಪು ಗುರಾಣಿ ತೂಗುತ್ತದೆ. ಚಹಾಕ್ಕೆ ಬಂದವರು ಅದನ್ನು ನೋಡಿ, ಚೆನ್ನಾಗಿ ಮಾಡಿದ್ದೀ ಕಣೋ ಎಂದು ಹೊಗಳುತ್ತಾರೆ. ಎಲ್ಲರೂ ತಮ್ಮ ಗುರಾಣಿ ತಾವೇ ಮಾಡಿಕೊಳ್ಳುವ ಊರಿನಲ್ಲಿ ಎರ್ಟಿ ಪ್ರತಿ ಸಲವೂ ತಲೆಯಾಡಿಸಿ, ಯಾರ ಹೆಸರೂ ಎತ್ತದೆ, ಹೇಳುವುದು ಒಂದೇ ಮಾತು.

"ನಾನು ಮಾಡಿದ್ದಲ್ಲಪ್ಪ. ಇದು ನಂಗೆ ಕೊಟ್ಟಿದ್ದು."