ದಾರಿಯಿಲ್ಲದ ಮೂಲೆ

ಬೊಮ್ಮಮ್ಮನನ್ನು ನಾವು ಯಾರೂ ಕರೆದಿರಲಿಲ್ಲ. ಎಪ್ಪತ್ತೆರಡರಲ್ಲಿ ಹೆಗ್ಗಡದೇವನಕೋಟೆಯ ಹೊರಗೆ ಲಾಂಟಾನ ಮುಚ್ಚಿ ಹಾಳುಬಿದ್ದಿದ್ದ ಗೋಮಾಳವನ್ನು ಊರವರೇ ಸೇರಿ ವನ ಮಾಡಬೇಕೆಂದು ಹೊರಟಿದ್ದೆವು. ಭಾನುವಾರ ಭಾನುವಾರ ಶ್ರಮದಾನ. ಪೊದೆ ಕೀಳುವುದು, ಕಾಡಿನ ಗಿಡ ನೆಡುವುದು, ಜನ ಓಡಾಡಲು ಕಾಲುದಾರಿ ಮಾಡುವುದು. ನಾನು ಶಾಲೆಯ ಮೇಷ್ಟರು. ಹಗ್ಗ ಹಿಡಿದು ದಾರಿಯ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಎರಡನೇ ಭಾನುವಾರ ಪಕ್ಕದ ಗಿರಿಜನರ ಹಾಡಿಯಿಂದ ಅವಳು ಮಚ್ಚು ಹಿಡಿದು ತಾನಾಗಿಯೇ ಬಂದಳು.

ಮೂವತ್ತರ ಹೆಂಗಸು, ಮಾತು ಕಡಿಮೆ. ಕಬಿನಿಗೆ ಅಣೆಕಟ್ಟು ಕಟ್ಟುವಾಗ ಹೊಳೆದಂಡೆಯ ಅವರ ಹಾಡಿಯನ್ನು ಎಬ್ಬಿಸಿ ಇಲ್ಲಿಗೆ ತಂದು ಬಿಟ್ಟಿದ್ದರು. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ ಗಂಡ ಗುಂಡ ತಿರುಗಿ ಬಂದಿರಲಿಲ್ಲ. ನಾವು ತಂದ ನೀಲಗಿರಿ ಸಸಿ ನೋಡಿ, "ಇದ್ರ ಹಣ್ಣ ಯಾವ ಪ್ರಾಣಿ ತಿಂತದೆ?" ಅಂದಳು. ಮರುವಾರ ಮಡಿಲಲ್ಲಿ ನೆಲ್ಲಿ, ತಾರೆ, ನೇರಳೆಯ ಬೀಜ ತಂದಳು. ಕೆಲಸ ಮಾತ್ರ ಯಾವಾಗಲೂ ಬಡಗಣ ಮೂಲೆಯಲ್ಲೇ. ಬೇರೆ ಕಡೆ ಕರೆದರೆ ಬರುತ್ತಿರಲಿಲ್ಲ.

ಒಂದು ಭಾನುವಾರ ಅವಳಿಗೆ ಜ್ವರ, ಬರಲಿಲ್ಲ. ಅಂದೇ ನಾವು ಆ ಮೂಲೆಗೆ ದಾರಿ ಎಳೆದೆವು. ಅಡ್ಡ ಸಿಕ್ಕ ನಾಲ್ಕೈದು ಕಲ್ಲುಗಳನ್ನು ನಾನೇ ಕಿತ್ತು ಹಳ್ಳಕ್ಕೆ ಉರುಳಿಸಿ ನೆಲ ಮಟ್ಟ ಮಾಡಿಸಿದೆ.

ಮುಂದಿನ ವಾರ ಬಂದವಳು ದಾರಿಯ ನಡುವೆ ನಿಂತುಬಿಟ್ಟಳು.

"ಇಲ್ಲಿ ಕಲ್ಲಿದ್ವಲ್ಲ ಮೇಷ್ಟ್ರೇ?"

"ತೆಗೆದುಹಾಕಿದೆ."

"ನನ್ ಮಗೀನ ಮಲಗ್ಸಿದ್ದೆ ಕಣ್ರೀ ಅಲ್ಲಿ. ಸಣ್ಣಿ ಅಂತ."

ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ನಾಲ್ಕು ವರ್ಷದ ಮಗಳು ಜ್ವರದಲ್ಲಿ ಹೋಗಿದ್ದಳು. ಹಾಡಿಗೆ ಸ್ಮಶಾನ ಕೊಟ್ಟಿರಲಿಲ್ಲ. ಗಂಡಹೆಂಡಿರು ಪೊದೆಯೊಳಗೆ ನುಸುಳಿ ಹೂತು ಬಂದಿದ್ದರು. ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ, ಮಗೀನ ಎತ್ಕೊಂಡೋಗು ಅಂದ್ಬುಟ್ರೆ?"

"ಎಲ್ಲಿ ಅಂತ ತೋರಿಸವ್ವ, ದಾರಿ ಬಗ್ಗಿಸ್ತೀವಿ" ಅಂದೆ. ಅವಳು ಮಂಡಿಯೂರಿ, ಅಂಗೈಯಲ್ಲಿ ಮಣ್ಣು ತಡವುತ್ತ ಮಧ್ಯಾಹ್ನದವರೆಗೆ ಹುಡುಕಿದಳು. ನಾನೂ ಹುಡುಕಿದೆ. ನೆಲವೆಲ್ಲ ಒಂದೇ ಸಮ. "ನಂಗೂ ಗೊತ್ತಾಯ್ತಿಲ್ಲ, ಬುಡಿ" ಎಂದು ಎದ್ದಳು.

ಆ ಮೂಲೆಗೆ ದಾರಿಯೇ ಬೇಡವೆಂದು ಹಾಕಿದ್ದನ್ನೂ ಅಗೆದು ಅಳಿಸಿದೆವು. ಅಲ್ಲೆಲ್ಲ ಅವಳು ಒತ್ತೊತ್ತಾಗಿ ಗಿಡ ನೆಟ್ಟಳು. ಐದು ವರ್ಷ ಬಿಡದೆ ಬಂದಳು. ನನ್ನ ಮೇಲೆ ಒಮ್ಮೆಯೂ ರೇಗಲಿಲ್ಲ. ರೇಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕ್ಷಯದಿಂದ ತೀರಿಕೊಂಡಳು. ಅದೇ ಮೂಲೆಯಲ್ಲಿ ಮಣ್ಣು ಮಾಡುತ್ತೇವೆಂದು ಹಾಡಿಯವರು ಕೇಳಿದರು. ವನಸಮಿತಿಯ ಅಧ್ಯಕ್ಷ ಷಣ್ಮುಖಪ್ಪ, "ಮಕ್ಕಳುಮರಿ ಬರೋ ಜಾಗ ಕಣ್ರೀ ಮೇಷ್ಟ್ರೇ, ಹೆಣ ಹೂಳೋಕಾಯ್ತದಾ?" ಎಂದರು. ನಾನು ವಾದಿಸಿದೆ. ಉಳಿದವರು ಅಧ್ಯಕ್ಷರ ಮಾತಿಗೇ ನಿಂತರು. ಕೊನೆಗೆ ರಸ್ತೆಯಾಚೆ, ಅಷ್ಟರಲ್ಲಿ ಮಂಜೂರಾಗಿದ್ದ ಹೊಸ ಸ್ಮಶಾನದಲ್ಲಿ ಹೂತರು.

ಮರು ಭಾನುವಾರ ಅವಳ ಗಿಡಗಳಿಗೆ ನೀರು ಹಾಕಲು ಹೋದೆ. ಷಣ್ಮುಖಪ್ಪನವರು ಆಗಲೇ ಬಂದು ಕೊಡ ತುಂಬುತ್ತಿದ್ದರು. ಬಿಸಿಲೇರುವ ತನಕ ಇಬ್ಬರೂ ನೀರು ಹೊತ್ತೆವು.